ನುಂಗಿದ ಅಕ್ಷರಗಳ ಹಬ್ಬ

ನಮ್ಮ ಭಾವ ಕೊಲೆಗಾರನನ್ನಾದರೂ ಕ್ಷಮಿಸಿಯಾರು, ಉಚ್ಚಾರ ಕೆಡಿಸಿದವನನ್ನು ಮಾತ್ರ ಬಿಡುವವರಲ್ಲ! ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಓದುತ್ತೀರಿ, ಓದುವಾಗ ಎಲ್ಲೋ ಒಂದು ಮಹಾಪ್ರಾಣ ಜಾರುತ್ತದೆ, ಅವರು ಉಡುಪಿಯಿಂದ ನನಗೆ ಫೋನ್ ಮಾಡುತ್ತಾರೆ. ಯಾಕೆ ಬೇಕು?

ತೊಂಬತ್ತರ ದಶಕದ ಕೊನೆಗೆ ನಾನು ಕೆಲಸಕ್ಕೆಂದು ಅಬುಧಾಬಿಗೆ ಹೋದಾಗ ಉಳಿದುಕೊಂಡದ್ದು ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದ ಅಕ್ಕ-ಭಾವನ ಫ್ಲಾಟಿನಲ್ಲಿ. ಭಾವ ಒಂದು ಕಂಪನಿಯಲ್ಲಿ ಅಡ್ಮಿನ್. ಆಫೀಸಿನಲ್ಲಿ ಹತ್ತಾರು ದೇಶದ ಜನ. ಪ್ರತಿಯೊಬ್ಬರ ಹೆಸರನ್ನೂ ಹಬ್ಬವನ್ನೂ ಅವರವರ ಊರಿನವರು ಹೇಳುವಂತೆಯೇ ಹೇಳಬೇಕೆಂಬುದು ಭಾವನ ವ್ರತ. ಕೇಳಿ ಕೇಳಿ ಕಿಸೆಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದರು. "ಇಂಗ್ಲಿಷಿನಲ್ಲಿ ಕೈ ಒಂದು ಹೇಳ್ತದೆ, ಬಾಯಿ ಇನ್ನೊಂದು ಹೇಳ್ತದೆ. ನಮ್ಮದು ಹಾಗಲ್ಲ ಮಾರಾಯ!"

ಪಕ್ಕದ ಮೇಜಿಗೆ ಐರ್ಲೆಂಡಿನ ಹೆಂಗಸೊಬ್ಬರು ಬಂದರು ನೋಡಿ, ವ್ರತಕ್ಕೆ ಅಗ್ನಿಪರೀಕ್ಷೆ ಶುರುವಾಯಿತು. ಅವರ ಹೆಸರನ್ನು ಬರೆಯುವುದು ನಿಯಾಮ್ಹ್ ಎಂದು, ಹೇಳುವುದು ನೀವ್ ಎಂದು! ಆಫೀಸೆಲ್ಲ 'ನಿಯಾಮ್' ಎಂದು ಕರೆಯುತ್ತಿದ್ದಾಗ ಭಾವ ಒಬ್ಬರೇ 'ನೀವ್' ಎಂದರು. ಅರಬರ ನಾಡಿನಲ್ಲಿ ಕನ್ನಡದ ಬಹುವಚನದಲ್ಲಿ ಕರೆಸಿಕೊಂಡ ಐರಿಷ್ ಮಹಿಳೆ ಬೇರೆ ಯಾರಾದರೂ ಇದ್ದಾರೆಯೇ?

ಆಕೆಯ ಮೇಜಿನ ಮೇಲೊಂದು ಕ್ಯಾಲೆಂಡರ್. ಅದರಲ್ಲಿ ಯೇಸು ಹುಟ್ಟುವುದಕ್ಕೂ ಮೊದಲಿನ, ಋತು ಬದಲಾದಾಗ ಅವರ ಪೂರ್ವಜರು ಆಚರಿಸುತ್ತಿದ್ದ ಹಳೆಯ ಹಬ್ಬಗಳು. ಅಕ್ಟೋಬರ್ ಕೊನೆಯ ಹಬ್ಬವನ್ನು ಭಾವ ಗಟ್ಟಿಯಾಗಿ "ಸ್ಯಾಮ್‌ಹೇನ್" ಎಂದು ಓದಿದರು. ನೀವ್ ನಕ್ಕು, "ಅದು ಸೌವಿನ್" ಎಂದರು. ಆ ದಿನ ಭಾವನಿಗೆ ಊಟ ಸೇರಲಿಲ್ಲ.

"ಅಲ್ಲ, ಮಧ್ಯದ ಎಮ್ ಎಲ್ಲಿಗೆ ಹೋಯ್ತು? ಎಚ್ ಎಲ್ಲಿಗೆ ಹೋಯ್ತು?"

"ವೀಸಾ ಮುಗಿದು ಊರಿಗೆ ಹೋಗಿರ್ಬೇಕು. ನೀವು ಉಣ್ಣಿ," ಎಂದಳು ಅಕ್ಕ.

ಆಮೇಲೆ ಆಗಸ್ಟಿನ ಸುಗ್ಗಿ ಹಬ್ಬ. ಬರೆದರೆ ಹತ್ತು ಅಕ್ಷರ, ಹೇಳಿದರೆ ಬರೀ 'ಲೂನಸ'! ಭಾವ ಸ್ನಾನದ ಮನೆಯಲ್ಲಿ, ಲಿಫ್ಟಿನಲ್ಲಿ ಲೂನಸ ಲೂನಸ ಎಂದು ಜಪ ಮಾಡಿದರು. "ಪಪ್ಪಾ, ನೋಬಡಿ ಕೇರ್ಸ್!" ಎಂದಳು ಮಗಳು. ಹಬ್ಬದ ದಿನ, ಉರಿಬಿಸಿಲಲ್ಲಿ, ಮಾರುಕಟ್ಟೆಯಿಂದ ಹಣ್ಣಾದ ಖರ್ಜೂರದ ಗೊನೆಯೊಂದನ್ನು ಹೊತ್ತು ತಂದು ನೀವ್ ಅವರ ಮೇಜಿನ ಮೇಲಿಟ್ಟು ಶುಭಾಶಯ ಹೇಳಿದರು. ಆಕೆ ಮೊದಲ ಹಣ್ಣನ್ನು ಕಿತ್ತು ಭಾವನ ಕೈಗೇ ಕೊಟ್ಟರಂತೆ.

ಅನಾಹುತವಾದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಆಫೀಸಿನ ಹ್ಯಾಲೋವೀನ್ ಪಾರ್ಟಿಯಲ್ಲಿ ಹೊಸ ಜನರಲ್ ಮ್ಯಾನೇಜರ್, "ಇದರ ಮೂಲ ಹೆಸರು ಸ್ಯಾಮ್‌ಹೇನ್" ಎಂದು ಭಾಷಣ ಶುರು ಮಾಡಿದರು. ಹಿಂದಿನ ಸಾಲಿನಿಂದ, ಕೈಯಲ್ಲಿ ಸಮೋಸ ಹಿಡಿದಿದ್ದ ಭಾವ, "ಸರ್, ಸೌವಿನ್!" ಎಂದರು.

"ಪಾರ್ಡನ್?" ಎಂದರು ಮ್ಯಾನೇಜರ್.

ಕೇಳಿಸಲಿಲ್ಲವೆಂದುಕೊಂಡ ಭಾವ ಮುಂದೆ ಹೋಗಿ, ಬೋರ್ಡಿನ ಮೇಲೆ ಬಿಡಿಸಿ ಬರೆದು, ಎಲ್ಲರ ಬಾಯಲ್ಲೂ ಮೂರು ಸಲ ಹೇಳಿಸಿದರು. ಮ್ಯಾನೇಜರರ ಬಾಯಲ್ಲೂ!

ಮರುವಾರವೇ ಭಾವನಿಗೆ ರುವೈಸಿಗೆ ವರ್ಗ. ಮರುಭೂಮಿಯ ಆ ತುದಿಯ ರಿಫೈನರಿ ಊರಿಗೆ, ಆರು ತಿಂಗಳು.

"ಒಂದು ಎಮ್, ಒಂದು ಎಚ್. ನುಂಗಿಕೊಂಡು ಸುಮ್ಮನಿರ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದು ಅಕ್ಕ ಅತ್ತಳು.

"ನುಂಗ್ಬೇಕು ಅಂತಲೇ ಅಲ್ವಾ ಮಾರಾಯ್ತಿ ನಾನು ಹೇಳಿದ್ದು!"

ಭಾವ ರುವೈಸಿನಲ್ಲಿದ್ದಾಗಲೇ ಊರಿನಲ್ಲಿ ಅವರ ಅಮ್ಮ ತೀರಿಕೊಂಡರು. ಆಗೆಲ್ಲ ಪಾಸ್‌ಪೋರ್ಟ್ ಇರುತ್ತಿದ್ದುದು ಕಂಪನಿಯ ಬಳಿ. ಅದು ಕೈಗೆ ಸಿಕ್ಕಿ, ವಿಮಾನ ಹತ್ತಿ, ಮನೆ ಮುಟ್ಟುವಾಗ ಅಮ್ಮನ ಚಿತೆಯ ಬೂದಿಯೂ ಆರಿತ್ತು. ತಿರುಗಿ ಬಂದ ಭಾವ ಯಾರ ಉಚ್ಚಾರವನ್ನೂ ತಿದ್ದಲಿಲ್ಲ. ರೇಡಿಯೋದವನು 'ಹಾಕಿ' ಎನ್ನುವಲ್ಲಿ 'ಆಕಿ' ಎಂದರೂ ಸುಮ್ಮನಿದ್ದರು. ನಮಗೆ ಭಯವಾದದ್ದು ಆಗ.

ಮುಂದಿನ ಸೌವಿನ್ ಸಂಜೆ ನೀವ್ ನಮ್ಮನ್ನೆಲ್ಲ ತಮ್ಮ ಫ್ಲಾಟಿಗೆ ಊಟಕ್ಕೆ ಕರೆದರು. ನಾವು ಐದು ಜನ, ಮೇಜಿನ ಮೇಲೆ ಆರು ತಟ್ಟೆ. ತೀರಿಹೋದವರು ಮನೆಗೆ ಬರುವ ದಿನವಂತೆ ಅದು, ಆರನೆಯದು ಅವರಿಗಂತೆ.

"ನಮ್ಮಲ್ಲೂ ಹೀಗೇ ಎಲೆ ಹಾಕಿ ಬಡಿಸ್ತೇವಲ್ಲ!" ಎಂದಳು ಅಕ್ಕ.

ನೀವ್ ಎದ್ದು ನಿಂತು ಮೊದಲು ತಮ್ಮ ತಂದೆಯ ಹೆಸರು ಹೇಳಿದರು. ಆಮೇಲೆ ಭಾವನ ಕಡೆ ತಿರುಗಿ, ನಾಲಿಗೆ ಮಡಚಿ, ಒಂದೊಂದೇ ಅಕ್ಷರವಾಗಿ ಹೇಳಿದರು: "ಕಲ್ಯಾಣಿ."

ಒಂದು ವಾರ ದಿನಾ ಫೋನ್ ಮಾಡಿ ಅಕ್ಕನಿಂದ ಆ 'ಣ' ಕಲಿತಿದ್ದರಂತೆ.

ಭಾವನ ಅಮ್ಮನನ್ನು ಆ ಹೆಸರಿನಿಂದ ಮನೆಯಲ್ಲಿ ಯಾರೂ ಕರೆದದ್ದೇ ಇಲ್ಲ. ಮಕ್ಕಳಿಗೆ ಅವರು ಅಮ್ಮ, ನೆರೆಹೊರೆಗೆ ದೊಡ್ಡಮ್ಮ, ಗಂಡನಿಗೆ ಬರೀ 'ಇವಳೇ'.

"ಇನ್ನೊಮ್ಮೆ ಹೇಳಿ," ಎಂದರು ಭಾವ.

ನೀವ್ ಗಾಬರಿಯಾದರು. "ತಪ್ಪಾಯಿತೇ?"

"ತಪ್ಪಿಲ್ಲ." ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಮ್ಮೆ ಹೇಳಿ."