ಫೋಟೋದಲ್ಲಿದ್ದ ಬಿರುಕು

ಟೈಲರನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಇಸ್ತ್ರಿ ಮಾಡದೆ ಯಾವ ಬಟ್ಟೆಯನ್ನೂ ಅವನು ಯಾರ ಕೈಗೂ ಕೊಡುತ್ತಿರಲಿಲ್ಲ. ಹರಿದ ಗೋಣಿಚೀಲ ಹೊಲಿಯಲು ಕೊಟ್ಟವರಿಗೂ ಇಸ್ತ್ರಿ ಮಾಡಿಯೇ ಕೊಡುತ್ತಿದ್ದ. ಹಾಗಾಗಿ, ಮನೆ ದುರಸ್ತಿಯ ಸಹಾಯಧನಕ್ಕೆ ಹಾಕಿದ್ದ ಅರ್ಜಿಯ ವಿಚಾರವಾಗಿ ನಾಳೆ ಸಾಹೇಬರು ಮನೆ ನೋಡಲು ಬರುತ್ತಾರೆಂದು ಕಚೇರಿಯಿಂದ ಚೀಟಿ ಬಂದಾಗ, ಅವನು ಮಾಡಿದ ಮೊದಲ ಕೆಲಸವೆಂದರೆ ಒಂದು ಬಕೆಟ್ ಸುಣ್ಣ ಕಲಸಿದ್ದು.

ಬೀದಿಗೆ ಮುಖ ಮಾಡಿದ ಮಣ್ಣಿನ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಒಂದು ಬಿರುಕಿತ್ತು. ಟೈಲರ್ ಅದರೊಳಗೆ ಬಟ್ಟೆ ಚೂರುಗಳನ್ನು ತುರುಕಿ, ಮೇಲೆ ಮಣ್ಣು ಮೆತ್ತಿ, ಎರಡು ಸಲ ಸುಣ್ಣ ಬಳಿದ. ರಫೂ ಹಾಕಿದ ಜಾಗ ಹುಡುಕಿದರೂ ಸಿಗಬಾರದು, ಅಷ್ಟು ಚೊಕ್ಕ ಕೆಲಸ. ಮೂರು ತಿಂಗಳ ಹಿಂದೆ ಕಚೇರಿಯವನೊಬ್ಬ ಬಂದು ಬೀದಿಯಲ್ಲೇ ನಿಂತು ಈ ಗೋಡೆಯ ಫೋಟೋ ಹೊಡೆದುಕೊಂಡು ಹೋಗಿದ್ದ. ಅವತ್ತು ಗೋಡೆ ಅಷ್ಟು ಅಸಹ್ಯವಾಗಿತ್ತಲ್ಲ ಎಂಬ ನಾಚಿಕೆ ಟೈಲರನಿಗೆ ಇನ್ನೂ ಹೋಗಿರಲಿಲ್ಲ.

ನಿಜವಾದ ಭಯ ಗೋಡೆಯದಲ್ಲ, ಒಳಗಿನ ತೊಲೆಯದು. ಗೆದ್ದಲು ಹಿಡಿದ ತೊಲೆ ಹೊಲಿಗೆ ಮಿಷನ್ನಿನ ನೆತ್ತಿಯ ಮೇಲೇ ಇತ್ತು. ಹಗಲಿಡೀ ಅದರಿಂದ ಚಿಟಿಕೆ ಚಿಟಿಕೆ ಮರದ ಪುಡಿ ಉದುರುತ್ತಿತ್ತು. ಗಿರಾಕಿಗಳ ಬಟ್ಟೆಯ ಮೇಲೆ ಬಿತ್ತು, ಆಮೇಲೆ ಅನ್ನದ ತಟ್ಟೆಗೂ ಬಿತ್ತು. ತಟ್ಟೆಗೆ ಬಿದ್ದ ದಿನ ಅವನ ಹೆಂಡತಿ ಎದ್ದು ನಿಂತು ಹೇಳಿದ್ದಳು:

"ಮಳೆ ಶುರುವಾಗೋದ್ರೊಳಗೆ ಈ ತೊಲೆ ಬದಲಾಗ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ನೀವು, ನಿಮ್ಮ ತೊಲೆ ಸುಖವಾಗಿರಿ."

ಅವಳು ಸುಮ್ಮನೆ ಹೆದರಿಸುವ ಪೈಕಿ ಅಲ್ಲ. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಟೈಲರನಿಗೆ ಆಗುತ್ತಿರಲಿಲ್ಲ. ಸಹಾಯಧನ ಬಂದ ದಿನವೇ ಹೊಸ ತೊಲೆ ಎಂದು ಅವನು ಮಾತು ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬ್ರಷ್ಷನ್ನು ಬಾಯಲ್ಲೇ ಬಿಟ್ಟು ನಿಂತರು.

"ಏನಯ್ಯಾ ಇದು?"

"ಹೇಗಿದೆ ಮೇಷ್ಟ್ರೇ?" ಟೈಲರ್ ಹಿಗ್ಗಿದ.

"ನನ್ನ ತಲೆ! ಸಾಹೇಬ್ರು ಬರ್ತಿರೋದು ನಿನ್ನ ಮನೆ ಎಷ್ಟು ಚೆನ್ನಾಗಿದೆ ಅಂತ ನೋಡೋಕಾ, ಎಷ್ಟು ಹಾಳಾಗಿದೆ ಅಂತ ನೋಡೋಕಾ? ಆಸ್ಪತ್ರೆಗೆ ಹೋಗೋವಾಗ್ಲೂ ನೀನು ಪೌಡರ್ ಹಚ್ಕೊಂಡು ಹೋಗ್ತೀಯೇನೋ!"

ಟೈಲರ್ ಬೆಳ್ಳಗೆ ಹೊಳೆಯುತ್ತಿದ್ದ ಗೋಡೆಯನ್ನು ನೋಡಿದ. ಹೆಂಡತಿ ಕೈಯಲ್ಲಿ ಬ್ಯಾಗು ಹಿಡಿದು ಅಕ್ಕನ ಮನೆಯ ದಾರಿ ಹಿಡಿದದ್ದು ಕಣ್ಣಿಗೆ ಕಟ್ಟಿತು.

"ಈಗೇನ್ ಮಾಡೋದು ಮೇಷ್ಟ್ರೇ?"

"ಸಾಹೇಬ್ರು ಬರೋದು ಹನ್ನೊಂದಕ್ಕೆ. ಅಷ್ಟರೊಳಗೆ ಇದನ್ನ ಹಾಳು ಮಾಡ್ಬೇಕು," ಎಂದವರೇ ಮೇಷ್ಟ್ರು ಬೀದಿಗೆ ಕೇಳುವಂತೆ ಕೂಗಿದರು. ನಲವತ್ತು ವರ್ಷ ಪಾಠವನ್ನು ಕೊನೇ ಬೆಂಚಿನವರೆಗೆ ತಲುಪಿಸಿ ಅಭ್ಯಾಸವಾದ ಗಂಟಲು ಅದು. ಎದುರಿನ ಅಂಗಡಿಯಕ್ಕ ಗಿರಾಕಿಯನ್ನು ಅಲ್ಲೇ ಬಿಟ್ಟು ಓಡಿಬಂದಳು. ಮೂರನೇ ಮನೆಯ ಗಾರೆ ಮೇಸ್ತ್ರಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದ. ಪಾಪ, ಎಲ್ಲರಿಗೂ ಟೈಲರನ ಮೇಲೆ ಪ್ರೀತಿಯೇ. ಅದರಿಂದಲೇ ಅನಾಹುತವಾಯಿತು.

ಮೊದಲು ಒಲೆಯ ಮಸಿಯನ್ನು ನೀರಲ್ಲಿ ಕಲಸಿ ಗೋಡೆಗೆ ಎರಚಿದರು. ಅಂಗಡಿಯಕ್ಕ ರಸ್ತೆಯ ಆಚೆ ಹೋಗಿ ನಿಂತು, ತಲೆ ಓರೆ ಮಾಡಿ ನೋಡಿದಳು.

"ಇದು ಹಳೇ ಮನೆ ಥರ ಕಾಣ್ತಿಲ್ಲ ಮೇಷ್ಟ್ರೇ. ಬೆಂಕಿ ಬಿದ್ದ ಮನೆ ಥರ ಕಾಣ್ತಿದೆ."

ಮೇಷ್ಟ್ರು ಬೆಚ್ಚಿಬಿದ್ದರು. "ಬೆಂಕಿ ಅನಾಹುತಕ್ಕೆ ಬೇರೆ ಫಾರಂ ಕಣ್ರೀ! ಬೇರೆ ಇಲಾಖೆ! ತೊಳೀರಿ, ತೊಳೀರಿ!"

ಕೊಡಗಟ್ಟಲೆ ನೀರು ಸುರಿದು ತೊಳೆದರು. ಮಸಿಯೂ ಹೋಯಿತು, ಸುಣ್ಣವೂ ಅರ್ಧ ಹೋಯಿತು, ಮಣ್ಣಿನ ಗೋಡೆ ಹೊಟ್ಟೆ ತುಂಬ ನೀರು ಕುಡಿಯಿತು. ಆಮೇಲೆ ಮೇಷ್ಟ್ರು ಬಿರುಕಿನಿಂದ ಬಟ್ಟೆ ಚೂರುಗಳನ್ನು ಒಂದೊಂದಾಗಿ ಎಳೆಯತೊಡಗಿದರು. ನಾಲ್ಕನೆಯ ಚೂರು ಹೊರಗೆ ಬಂದಾಗ ಅಂಗಡಿಯಕ್ಕ ಅದನ್ನು ಕಸಿದುಕೊಂಡಳು.

"ಇದು ನನ್ನ ಹಸಿರು ಜಾಕೀಟಿನ ಬಟ್ಟೆ! ತೋಳಿಗೆ ಬಟ್ಟೆ ಸಾಲ್ಲಿಲ್ಲ ಅಂತ ಗಿಡ್ಡ ತೋಳು ಇಟ್ರಲ್ಲ ನೀವು?"

"ಅಕ್ಕಾ, ಅದು ಬೇರೆಯವರದ್ದು, ಒಂದೇ ಥರ ಇದೆ ಅಷ್ಟೇ," ಎಂದು ಟೈಲರ್ ತೊದಲಿದ.

"ಇದು ನನ್ನ ಅಂಗಿ!" ಎಂದು ಮೇಷ್ಟ್ರು ಐದನೆಯ ಚೂರನ್ನು ಬೆಳಕಿಗೆ ಹಿಡಿದರು. ಟೈಲರನ ಮುಖ ಹುಳ್ಳಗಾಯಿತು. ಪುಣ್ಯಕ್ಕೆ ಹತ್ತೂವರೆ ಆಗಿಬಿಟ್ಟಿತ್ತು. ತೋಳಿನ ವಿಚಾರಣೆಯನ್ನು ಸಂಜೆಗೆ ಮುಂದೂಡಿದರು.

ಆದರೆ ಚೂರುಗಳೆಲ್ಲ ಹೊರಬಂದರೂ ಬಿರುಕು ಕಾಣಲೇ ಇಲ್ಲ. ಒದ್ದೆ ಮಣ್ಣು ಉಬ್ಬಿ ಅದನ್ನು ಮುಚ್ಚಿಬಿಟ್ಟಿತ್ತು. ಇಷ್ಟು ಹೊತ್ತು ಕೈಕಟ್ಟಿ ನಿಂತಿದ್ದ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಎಲ್ರೂ ಸರೀರಿ. ಇದು ಕಸುಬು ಗೊತ್ತಿದ್ದೋರ ಕೆಲ್ಸ. ಈ ಗೋಡೆಯ ನರನಾಡಿ ನಂಗೊತ್ತು. ಹಾರೆ ತನ್ನಿ, ಎರಡೇ ಎರಡು ಬೆರಳಗಲ ಬಿಡಿಸಿಕೊಡ್ತೀನಿ."

"ರೀ, ಮೇಸ್ತ್ರಿ ಕೈಗೆ ಹಾರೆ ಕೊಡಬೇಡಿ!" ಒಳಗಿನಿಂದ ಹೆಂಡತಿಯ ದನಿ ಬಂತು. ಅಷ್ಟು ಹೊತ್ತಿಗೆ ಕೊಟ್ಟಾಗಿತ್ತು.

ಮೇಸ್ತ್ರಿ ಹಾರೆಯ ತುದಿಯನ್ನು ಬಿರುಕಿದ್ದ ಜಾಗಕ್ಕೆ ಇಟ್ಟು, ಬಾಟಲಿಯ ಮುಚ್ಚಳ ತೆಗೆಯುವಷ್ಟೇ ನಾಜೂಕಾಗಿ ಮೀಟಿದ. ಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟಿತು. ಆಮೇಲೆ ನಿಂತು ನಿಂತು ಸಾಕಾದವರ ಹಾಗೆ, ಸದ್ದಿಲ್ಲದೆ, ಕಿಟಕಿಯ ಸಮೇತ ಕೂತುಬಿಟ್ಟಿತು.

ಧೂಳು ಅಡಗಿದಾಗ ಒಲೆಯ ಮುಂದೆ ಸೌಟು ಹಿಡಿದು ಕೂತಿದ್ದ ಟೈಲರನ ಹೆಂಡತಿ ಇಡೀ ಬೀದಿಗೆ ಕಾಣಿಸಿದಳು. ಸೂರು ಮಾತ್ರ ಅಕ್ಕಪಕ್ಕದ ಗೋಡೆಗಳನ್ನು ಹಿಡಿದುಕೊಂಡು ಉಳಿದಿತ್ತು. ತೊಲೆಯೂ ಅಲ್ಲೇ ಇತ್ತು, ಗೆದ್ದಲೂ ಅಲ್ಲೇ ಇತ್ತು.

ಅವಳು ಸಾರಿಗೆ ಬಿದ್ದ ಮಣ್ಣನ್ನು ಸೌಟಿನಿಂದ ತೆಗೆದು ಬೀದಿಗೆ ಚೆಲ್ಲಿದಳು. ಅದೇ ಟೈಲರನಿಗೆ ಹೆಚ್ಚು ಭಯ ತಂದಿತು.

"ಯೋಚನೆ ಮಾಡಬೇಡವೋ," ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. "ಒಳ್ಳೇದೇ ಆಯ್ತು. ಇನ್ನು ಯಾವ ಸಾಹೇಬ ಇಲ್ಲ ಅಂತಾನೆ, ನಾನೂ ನೋಡ್ತೀನಿ."

ಹನ್ನೊಂದಕ್ಕೆ ಸರಿಯಾಗಿ ಸಾಹೇಬರು ಸ್ಕೂಟರಿನಲ್ಲಿ ಬಂದರು. ತೆಳ್ಳಗಿನ ಮನುಷ್ಯ. ಮಾತು ಮೃದು. ಕಂಕುಳಲ್ಲಿ ದಪ್ಪ ಫೈಲು. ಮನೆಯತ್ತ ನೋಡದೆ ಫೈಲು ಬಿಚ್ಚಿ, ಅದರೊಳಗಿನ ಫೋಟೋ ನೋಡಿದರು. ಆಮೇಲೆ ತಲೆಯೆತ್ತಿದರು. ಮತ್ತೆ ಫೋಟೋ ನೋಡಿದರು.

"ಟೈಲರ್ ಮನೆ ಯಾವುದ್ರೀ?"

"ಇದೇ ಸಾರ್. ನೋಡಿ ಸಾರ್, ಹೇಗಿದೆ ನಮ್ಮ ಸ್ಥಿತಿ," ಎಂದು ಟೈಲರ್ ಕೈಮುಗಿದ. ಅಳು ತಾನಾಗಿಯೇ ಬಂತು.

"ಇದಲ್ಲ. ಫೋಟೋದಲ್ಲಿ ಗೋಡೆ ಇದೆ."

"ಬಿದ್ದೋಯ್ತು ಸಾರ್. ಅಷ್ಟು ಹಾಳಾಗಿತ್ತು."

"ಛೆ," ಎಂದರು ಸಾಹೇಬರು, ನಿಜವಾಗಿಯೂ ನೊಂದುಕೊಂಡು. "ನಿಮ್ಮ ಸಹಾಯಧನ ಹೋದ ವಾರವೇ ಮಂಜೂರಾಗಿದೆ. ಫೋಟೋದಲ್ಲಿರೋ ಮನೆ ಜಾಗದಲ್ಲಿ ಇದೆಯಾ ಅಂತ ನೋಡಿ ಟಿಕ್ ಹಾಕೋದಷ್ಟೇ ನನ್ನ ಕೆಲಸ."

ಟೈಲರ್ ಗೋಡೆಯಿದ್ದ ಜಾಗವನ್ನು ನೋಡುತ್ತಾ ಕೇಳಿದ: "ಹಾಗಾದ್ರೆ ಸಾರ್... ನಾನು ಸುಣ್ಣ ಬಳಿದಿದ್ರೆ?"

"ಬಳೀಬಹುದಿತ್ತು. ಇದು ಜೆರಾಕ್ಸ್ ಕಣ್ರೀ, ಕಪ್ಪು ಬಿಳುಪು. ಬಣ್ಣ ಯಾರಿಗೆ ಕಾಣುತ್ತೆ? ಗೋಡೆ, ಬಾಗಿಲು, ಕಿಟಕಿ, ಇಲ್ಲೊಂದು ಕಪ್ಪು ಗೆರೆ. ಇಷ್ಟಿದ್ರೆ ಆಯ್ತು."

ಮೇಷ್ಟ್ರು ಮುಂದೆ ಬಂದರು. "ಗೋಡೆ ಬಿದ್ರೆ ಇನ್ನೂ ಜಾಸ್ತಿ ಸಹಾಯ ಸಿಗಬೇಕಲ್ವೇ ಸ್ವಾಮಿ?"

"ಗೋಡೆ ಬಿದ್ರೆ ಅದು ದುರಸ್ತಿ ಅಲ್ಲ, ಹೊಸ ಮನೆ. ಅದು ಮನೆ ಇಲ್ಲದವರಿಗೆ."

"ಹಾಗಾದ್ರೆ ಅದನ್ನೇ ಕೊಡಿ."

"ಇವರಿಗೆ ಮನೆ ಇದೆಯಲ್ರೀ! ಫೋಟೋ ನೋಡಿ, ಎಷ್ಟು ಸ್ಪಷ್ಟವಾಗಿದೆ."

"ಸಾರ್, ಒಳಗೆ ಬಂದು ಆ ತೊಲೆ ಒಂದು ನೋಡಿ," ಎಂದು ಟೈಲರ್ ಅಂಗಲಾಚಿದ. ಒಳಗೆ ಬರಬೇಕಾದ ಅಗತ್ಯವೂ ಇರಲಿಲ್ಲ. ಬೀದಿಯಿಂದಲೇ ಅದು ಕಾಣುತ್ತಿತ್ತು.

"ಫೈಲಲ್ಲಿ ಒಳಗಿನ ಫೋಟೋ ಇಲ್ಲ," ಎಂದು ಸಾಹೇಬರು ಮುಖ ತಿರುಗಿಸಿಕೊಂಡರು. ಆದರೆ ಒಲೆಯ ಮುಂದೆ ಕೂತ ಹೆಂಗಸನ್ನು ನೋಡಿ ಅವರ ಮನಸ್ಸು ಕರಗಿತು. ದನಿ ತಗ್ಗಿಸಿದರು. "ನೋಡಿ, ನಾನು ಇವತ್ತು ಬರಲೇ ಇಲ್ಲ ಅಂತ ಇಟ್ಕೊಳ್ಳಿ. ಹದಿನೈದು ದಿನ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಫೋಟೋದಲ್ಲಿರೋ ಮನೆ ಇಲ್ಲಿರಲಿ. ಬಿರುಕೂ ಇರಲಿ. ಬಿರುಕಿಲ್ಲದೆ ದುರಸ್ತಿ ಯಾಕೆ ಅಂತ ಮೇಲಿನವರು ಕೇಳ್ತಾರೆ." ಜೆರಾಕ್ಸಿನ ಇನ್ನೊಂದು ಪ್ರತಿಯನ್ನು ಟೈಲರನ ಕೈಯಲ್ಲಿಟ್ಟು ಹೊರಟುಹೋದರು.

ಎಲ್ಲರೂ ಮೇಸ್ತ್ರಿಯನ್ನು ನೋಡಿದರು.

"ಗೋಡೆ ಕಟ್ಟಿಕೊಡ್ತೀನಿ. ಕೆಡವಿದ್ದು ನಾನೇ, ನಿಮ್ಮಿಂದ ಏನೂ ತಗೊಳ್ಳಲ್ಲ. ಆದ್ರೆ ಬಿರುಕಾ?" ಮೇಸ್ತ್ರಿ ಎದೆಯ ಮೇಲೆ ಕೈಯಿಟ್ಟುಕೊಂಡ. "ಮೂವತ್ತು ವರ್ಷ ಆಯ್ತು ಕರಣೆ ಹಿಡಿದು. ಬಿರುಕು ಬಿಡೋ ಗೋಡೆ ಕಟ್ಟೋಕೆ ನಂಗೆ ಬರಲ್ಲ."

ಟೈಲರನ ಹೆಂಡತಿ ಸೌಟು ಕೆಳಗಿಟ್ಟಳು.

"ಹೋದ ಸಲ ಕಟ್ಟಿದ ಹಾಗೇ ಕಟ್ಟಿ ಮೇಸ್ತ್ರಿ. ಬಿರುಕು ಅದೇ ಬರುತ್ತೆ."

ಅಂಗಡಿಯಕ್ಕ ಬಾಯಿಗೆ ಹಸಿರು ಬಟ್ಟೆ ಅಡ್ಡ ಹಿಡಿದು ನಕ್ಕಳು. ಮೇಸ್ತ್ರಿಯ ಕಿವಿ ಕೆಂಪಗಾಯಿತು. ಹೋಗಿ, ಗೋಡೆಯ ನೇರ ನೋಡುವ ದಾರ, ತೂಗುಗುಂಡು ತಂದ. ಆ ಹೊತ್ತಿನಿಂದ ಅವನು ಮನುಷ್ಯನಾಗಿರಲಿಲ್ಲ. ಮಣ್ಣನ್ನು ಮೂರು ಸಲ ಸೋಸಿದ. ಕಟ್ಟಿದ ಒಂದು ಸಾಲು ಕೂದಲೆಳೆಯಷ್ಟು ಓರೆಯಾದರೂ ಕಿತ್ತು ಮತ್ತೆ ಕಟ್ಟಿದ. ಹನ್ನೆರಡು ದಿನದಲ್ಲಿ ಎದ್ದ ಗೋಡೆಯನ್ನು ಬೇರೆ ಬೀದಿಯವರೂ ನೋಡಲು ಬಂದರು. ಜೀವನದಲ್ಲಿ ಮೊದಲ ಸಲ ಅವನು ಒಂದು ನೆಟ್ಟಗಿನ ಗೋಡೆ ಕಟ್ಟಿದ್ದ.

ಅದಕ್ಕೆ ಹಾರೆ ಮುಟ್ಟಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಉಪಾಯ ಹೊಳೆದದ್ದು ಟೈಲರನಿಗೇ. ಸಾಹೇಬರು ಬರುವ ದಿನ ಬೆಳಿಗ್ಗೆ ಒಂದು ಇದ್ದಿಲ ಚೂರನ್ನು ಮೊನಚು ಮಾಡಿಕೊಂಡ. ಜೆರಾಕ್ಸನ್ನು ಎಡಗೈಯಲ್ಲಿ ಹಿಡಿದು, ಟೇಪಿನಿಂದ ಅಳತೆ ತೆಗೆದು, ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರುಕನ್ನು ಬರೆದ. ತೋಳಿಗೆ ಗುರುತು ಹಾಕುವವನ ಕೈ ಅದು. ಎಲ್ಲಿ ತಿರುವು, ಎಲ್ಲಿ ಕವಲು, ಒಂದೂ ತಪ್ಪಲಿಲ್ಲ. ಹೆಂಡತಿ ಹೊರಗೆ ಬಂದು ನೋಡಿ, ಮದುವೆಯಾದ ಮೇಲೆ ಮೊದಲ ಬಾರಿಗೆ "ಜಾಣರು ಕಣ್ರೀ ನೀವು," ಎಂದಳು. ಟೈಲರ್ ನೆಲದಿಂದ ಒಂದು ಗೇಣು ಮೇಲೆದ್ದ.

ಸಾಹೇಬರು ಬಂದರು. ಫೋಟೋ ನೋಡಿದರು, ಗೋಡೆ ನೋಡಿದರು. "ಗೋಡೆ, ಸರಿ. ಬಾಗಿಲು, ಸರಿ. ಕಿಟಕಿ, ಸರಿ." ಮೂರು ಟಿಕ್ ಬಿತ್ತು. "ಬಿರುಕು..." ಎನ್ನುತ್ತಾ ಪೆನ್ನು ಕಾಗದದ ಹತ್ತಿರ ತಂದರು. ಅದು ಇದ್ದಿಲೆಂದು ಅವರಿಗೆ ತಿಳಿಯದೇ ಇರಲಿಲ್ಲ. ಆದರೂ ಕಣ್ಣಲ್ಲಿ ಒಂದು ಸಣ್ಣ ನಗೆಯಿತ್ತು.

"ಯಾರ್ರೀ ಅದು ನನ್ನ ಗೋಡೆ ಮೇಲೆ ಗೀಚಿರೋದು?"

ಸಾಹೇಬರು ತನ್ನ ಗೋಡೆಯನ್ನು ನೋಡುವುದನ್ನು ನೋಡಲೆಂದು, ಒಗೆದ ಅಂಗಿ ತೊಟ್ಟು ಬಂದಿದ್ದ ಮೇಸ್ತ್ರಿ. ಮೇಷ್ಟ್ರು ಅವನ ಅಂಗಿ ಹಿಡಿದು ಎಳೆದರು, ಅಂಗಡಿಯಕ್ಕ ಕಣ್ಣು ಹೊಡೆದಳು, ಟೈಲರ್ ಅಡ್ಡ ನಿಂತ. ಮೇಸ್ತ್ರಿ ಮೂವರನ್ನೂ ತಳ್ಳಿ, ಹೆಗಲ ಟವೆಲ್ಲನ್ನು ಒದ್ದೆ ಮಾಡಿಕೊಂಡು, ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತಕ್ಕೆ ಬಿರುಕನ್ನು ಒರೆಸಿಹಾಕಿದ.

"ನೋಡ್ಕೊಳ್ಳಿ ಸ್ವಾಮಿ! ಕೈಯಾಡಿಸಿ ನೋಡಿ! ಎಲ್ಲಾದ್ರೂ ಇದೆಯಾ ಬಿರುಕು?"

ಸಾಹೇಬರು ಗೋಡೆಯನ್ನು ನೋಡಿದರು, ಟೈಲರನನ್ನು ನೋಡಿದರು. ಮಾಡುವುದು ಇನ್ನೇನೂ ಇರಲಿಲ್ಲ. "ಮನೆ ಸುಸ್ಥಿತಿಯಲ್ಲಿದೆ. ಸಹಾಯಧನದ ಅಗತ್ಯ ಕಂಡುಬರುವುದಿಲ್ಲ" ಎಂದು ಬರೆದು, ಒಂದು ಪ್ರತಿ ಕೊಟ್ಟು ಹೋದರು.

ಟೈಲರ್ ಒಳಗೆ ಬಂದು ಆ ಕಾಗದವನ್ನು ಮಿಷನ್ನಿನ ಮೇಲಿಟ್ಟು ಕೂತ. 'ಸುಸ್ಥಿತಿ' ಎಂಬ ಅಕ್ಷರಗಳ ಮೇಲೆ ಒಂದು ಚಿಟಿಕೆ ಮರದ ಪುಡಿ ಬಿತ್ತು. ಊದಿದ. ಇನ್ನೊಂದು ಚಿಟಿಕೆ ಬಿತ್ತು. ಹೊರಗೆ ಮೋಡ ಕವಿಯುತ್ತಿತ್ತು.

ಹೆಂಡತಿ ಕೋಣೆಯಿಂದ ಬ್ಯಾಗು ಹಿಡಿದು ಬಂದಳು. ಹೊಸ್ತಿಲು ದಾಟಿ, ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಅದರ ಮೇಲೆ ಕೈಯಾಡಿಸಿದಳು.

"ಅಕ್ಕನ ಮನೆಗೆ ಹೋಗ್ತಿದೀನಿ," ಎಂದಳು. "ಮೇಸ್ತ್ರಿ ಸಿಕ್ರೆ ಹೇಳಿ. ಗೋಡೆ ನಿಜವಾಗ್ಲೂ ಚೆನ್ನಾಗಿದೆ."