ಹ್ಯಾಂಡ್ ಬ್ರೇಕ್ ಮತ್ತು ಕೋಸಿನ ಕಲ್ಲು

ನನ್ನ ಕಾರಿನ ಹ್ಯಾಂಡ್ ಬ್ರೇಕನ್ನು ನಾನೇ ಸರಿಮಾಡುತ್ತೇನೆ ಎಂದು ಆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಘೋಷಿಸಿದೆ. ಜುಜುಬಿ ಒಂದು ನಟ್ಟು ಬಿಗಿಯಲು ಗ್ಯಾರೇಜಿನವನ ಮುಂದೆ ಕೈಕಟ್ಟಿ ನಿಲ್ಲುವುದೇ? ಛೆ!

"ಬೇಡ ಕಣ್ರೀ," ಎಂದಳು ಹೆಂಡತಿ ಜೀವ್ಕಾ. "ಕೆಳಗೆ ಅಮ್ಮನ ಮನೆ ಇದೆ, ನೆನಪಿರ್ಲಿ."

"ಇದ್ರೆ ಇರ್ಲಿ! ನಾನೇನು ಅದಕ್ಕೆ ಬೆಂಕಿ ಹಾಕ್ತಿದೀನಾ?"

ನೆನಪಿಲ್ಲದೆ ಏನು! ಗುಡ್ಡದ ಊರಾದ ತರ್ನೊವೊದಲ್ಲಿ ನಮ್ಮ ಬೀದಿ ಇರುವುದೇ ಜಾರುಬಂಡೆಯ ಹಾಗೆ. ಮೇಲ್ತುದಿಯಲ್ಲಿ ನಾವು. ತಳದಲ್ಲಿ, ನೆಟ್ಟಗೆ ನಮ್ಮೆದುರಿಗೆ, ಅತ್ತೆ ಸ್ತೊಯ್ನಾ ಅವರ ಹೊಸ ನೀಲಿ ಗೇಟು. ಗೇಟಿನ ಪಕ್ಕ ಬೆಂಚು. ಬೆಂಚಿನ ಮೇಲೆ ದಿನವಿಡೀ ಉಣ್ಣೆ ಹೆಣೆಯುತ್ತಾ ಸಾಕ್ಷಾತ್ ಅತ್ತೆ! ಬ್ರೇಕ್ ಸಡಿಲವಾದಂದಿನಿಂದ ನನಗೆ ಕನಸಿನಲ್ಲೂ ಅದೇ: ಕಾರು ಉರುಳುತ್ತದೆ, ಅತ್ತೆ ತಲೆಯೆತ್ತುತ್ತಾರೆ... ಬೆವತು ಎದ್ದು ಕೂರುತ್ತಿದ್ದೆ. ಜಂಬವೆಲ್ಲ ಬಾಯಲ್ಲಿ, ಎದೆಯಲ್ಲಿ ಮಾತ್ರ ಪುಕಪುಕ.

ಜಾಕ್ ಏರಿಸುವ ಮೊದಲು ಚಕ್ರಕ್ಕೆ ಕಲ್ಲು ಕೊಡಬೇಕಲ್ಲ? ನೆಲಮಾಳಿಗೆಯಲ್ಲಿ ಚೆನ್ನಾಗಿ ತೊಳೆದಿಟ್ಟ ದೊಡ್ಡ ಹೊಳೆಗಲ್ಲೊಂದು ನನಗಾಗಿಯೇ ಕಾದಂತಿತ್ತು. ಅದನ್ನೇ ಮುಂದಿನ ಚಕ್ರಕ್ಕೆ ಕೊಟ್ಟೆ. ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರಗಳನ್ನು ಎತ್ತಿ, ನಟ್ಟು ಬಿಗಿದೆ. ಬ್ರೇಕಿನ ಹಿಡಿ ಎಳೆದರೆ ಚಕ್ರ ಗಪ್ಪೆಂದು ನಿಂತಿತು, ಬಿಟ್ಟರೆ ಸಲೀಸಾಗಿ ತಿರುಗಿತು. ಆಹಾ, ಏನು ಕೈಚಳಕ! ಜಾಕ್ ಇಳಿಸಿದೆ.

ಅಷ್ಟರಲ್ಲಿ ನೆಲಮಾಳಿಗೆಯಿಂದ ಗರ್ಜನೆ. "ರೀ! ನನ್ನ ಕೋಸಿನ ಕಲ್ಲೆಲ್ಲಿ?"

ಚಳಿಗಾಲಕ್ಕೆಂದು ಊರೆಲ್ಲ ಎಲೆಕೋಸನ್ನು ಉಪ್ಪುನೀರಿನ ಪೀಪಾಯಿಗೆ ತುಂಬುವ ದಿನಗಳವು. ಮೇಲೆ ಕಲ್ಲು ಹೇರದಿದ್ದರೆ ಕೋಸು ತೇಲಿ ಕೊಳೆಯುತ್ತದೆ. ಜೀವ್ಕಾ ಉಪ್ಪುಗೈಯಲ್ಲೇ ಹೊರಗೆ ಬಂದಳು.

"ಅಯ್ಯೋ! ತಿನ್ನೋ ಪದಾರ್ಥದ ಮೇಲಿಡೋ ಕಲ್ಲನ್ನ ಟೈರಿಗೆ ಕೊಟ್ಟಿದೀರಾ? ನಾಚಿಕೆ ಆಗಲ್ವಾ?"

"ತಗೊಂಡ್ಹೋಗು ಮಾರಾಯ್ತಿ! ಇನ್ನು ಕಲ್ಲು ಯಾರಿಗೆ ಬೇಕು? ಈ ಬ್ರೇಕು ಬೆಟ್ಟ ಉರುಳಿದ್ರೂ ತಡೆಯುತ್ತೆ!"

ನಾನೇ ಕಲ್ಲನ್ನು ಒದ್ದು ಬಿಡಿಸಿ, ಕಿರೀಟ ಒಪ್ಪಿಸುವಂತೆ ಅವಳ ಕೈಗಿಟ್ಟೆ.

ಕಾರು ಒಮ್ಮೆ ನಿಟ್ಟುಸಿರಿಟ್ಟು ಹೊರಟಿತು.

"ಅತ್ತೇ! ಏಳಿ! ಓಡಿ!" ಎಂದು ಕಿರುಚುತ್ತಾ ಕಾರಿನ ಹಿಂದೆ ಓಡಿದೆ. ಒಂದು ಚಪ್ಪಲಿ ಎಲ್ಲೋ ಹೋಯಿತು. ಅತ್ತೆಯ ಬಾಯಿ ಜೋರು ನಿಜ, ಆದರೆ ನನಗೆ ನ್ಯುಮೋನಿಯಾ ಆದಾಗ ತಲೆಯ ಬಳಿ ಕೂತು ಗಂಜಿ ಕುಡಿಸಿದವರು ಅವರೇ. ದೇವರೇ, ಗೇಟು ಹೋದರೆ ಹೋಗಲಿ, ಮುದುಕಿ ಉಳಿಯಲಿ!

ಧಡ್!

ಕಾರು ಗೇಟಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಚಕ್ರಗಳಿಗೆ ಅಡ್ಡಲಾಗಿ, ಬೀದಿಯ ಈ ಅಂಚಿನಿಂದ ಆ ಅಂಚಿನವರೆಗೆ, ಸಾಲುಸಾಲು ಹೊಳೆಗಲ್ಲು! ಅತ್ತೆ ಹೆಣಿಗೆ ಕೂಡ ನಿಲ್ಲಿಸಿರಲಿಲ್ಲ.

"ಇಷ್ಟು... ಕಲ್ಲು... ಎಲ್ಲಿಂದ ಅತ್ತೆ?" ಏದುಸಿರು ಬಿಡುತ್ತಾ ಕೇಳಿದೆ.

"ನೀವು ಬ್ರೇಕ್ ರಿಪೇರಿಗೆ ಕೂತಿದೀರಿ ಅಂತ ಜೀವ್ಕಾ ಬೆಳಿಗ್ಗೆನೇ ಫೋನ್ ಮಾಡಿದ್ಲು. ಬೀದಿಯೋರದ್ದೆಲ್ಲ ಕೋಸಿನ ಕಲ್ಲು ತರಿಸಿ ಜೋಡಿಸಿಟ್ಟೆ. ಪಾಪ, ಅವರ ಕೋಸೆಲ್ಲ ಆಗಿನಿಂದ ತೇಲ್ತಾ ಇದೆ. ಅವರವರ ಕಲ್ಲು ಅವರವರ ಮನೆಗೆ ಹೊತ್ಕೊಂಡು ಹೋಗಿ ಕೊಟ್ಟು ಬನ್ನಿ ಅಳಿಯಂದ್ರೇ."

ಬಗ್ಗಿ ಚಕ್ರದ ಮುಂದಿನ ಕಲ್ಲಿಗೆ ಕೈಹಾಕಿದೆ. ಅತ್ತೆ ಎದ್ದು ಬಂದು ಕಾರಿನ ಕಿಟಕಿಯೊಳಗೆ ಇಣುಕಿ, ಹೆಣಿಗೆ ಕಡ್ಡಿಯಿಂದ ನನ್ನ ಬೆನ್ನಿಗೆ ತಿವಿದರು.

"ಮೊದ್ಲು ಆ ಬ್ರೇಕ್ ಎಳೀರಿ!"