ಸೊಳ್ಳೆಪರದೆಯಲ್ಲಿ ಮೀನು

ಟ್ರಾಸ್ಕ್: ಒಪ್ಪಲ್ಲ ಅಂದ್ರೆ ಒಪ್ಪಲ್ಲ. ಈ ಸೊಳ್ಳೆ ತುಟಿಗೆ ಬಣ್ಣ ಯಾಕೆ ಹಚ್ಕೊಂಡಿದೆ?

ಝೆಲ್ನಿಕ್: ಹೋದ ವಾರ ಇದಕ್ಕೆ ಮೀಸೆ ಇತ್ತು, ಕ್ಯಾಪ್ಟನ್. ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ ಅಂತ ನೀವೇ ಕಾಗದ ಬರೆದ್ರಿ.

ಟ್ರಾಸ್ಕ್: ಮೀಸೆ ತೆಗೀರಿ ಅಂತ ಬರೆದೆ. ಸಿಂಗಾರ ಮಾಡಿ ಅಂತ ಬರೆದ್ನಾ?

ಝೆಲ್ನಿಕ್: ಮೀಸೆ ತೆಗೆದ ಮೇಲೆ ಪಾಪ, ಮುಖ ಬೋಳುಬೋಳಾಗಿ ಕಾಣ್ತಿತ್ತು.

ಟ್ರಾಸ್ಕ್: ಹುಡುಗರು ಇದನ್ನ ನೋಡಿ ಶಿಳ್ಳೆ ಹೊಡೀತಾರೆ, ಮಿಸ್ಟರ್ ಝೆಲ್ನಿಕ್!

ಝೆಲ್ನಿಕ್: ಹೊಡೀಲಿ ಬಿಡಿ. ಶಿಳ್ಳೆ ಹೊಡೆಯೋ ಬಾಯಿ ಗೊರಕೆ ಹೊಡೆಯಲ್ಲ.

1944ರ ಜುಲೈ. ಲಾಸ್ ಏಂಜಲೀಸಿನ ನಮ್ಮ ಕಾರ್ಟೂನ್ ಸ್ಟುಡಿಯೊದ ಮಹಡಿ ಕೋಣೆ. ಗೋಡೆ ತುಂಬ ಪಿನ್ನು ಚುಚ್ಚಿ ನಿಲ್ಲಿಸಿದ ನಲವತ್ತು ಚಿತ್ರಗಳು, ಕೆಳಗೆ ತಿರುಗಲೋ ಬೇಡವೋ ಅನ್ನುವ ಒಂದು ಫ್ಯಾನು. ಹರ್ಮನ್ ಝೆಲ್ನಿಕ್ ನಮ್ಮ ನಿರ್ದೇಶಕರು. ಯುದ್ಧಕ್ಕೆ ಮುಂಚೆ ಕರಡಿ, ಮೇಕೆಗಳನ್ನು ಕುಣಿಸಿ ಮಕ್ಕಳನ್ನು ನಗಿಸುತ್ತಿದ್ದವರು, ಈಗ ಸೈನ್ಯಕ್ಕಾಗಿ ಟಂಬಲ್ ಅನ್ನೋ ಪೆದ್ದ ಸಿಪಾಯಿಯನ್ನು ಕುಣಿಸುತ್ತಿದ್ದರು. ಮಾಡಬಾರದ್ದನ್ನೆಲ್ಲ ಮಾಡಿ ಪೆಟ್ಟು ತಿನ್ನೋದು ಟಂಬಲ್‌ನ ಕೆಲಸ. ಅದನ್ನು ನೋಡಿ ಬುದ್ಧಿ ಕಲಿಯೋದು ನಿಜವಾದ ಸಿಪಾಯಿಗಳ ಕೆಲಸ. ಕ್ಯಾಪ್ಟನ್ ಆರ್ವಿಲ್ ಟ್ರಾಸ್ಕ್ ಸೈನ್ಯ ಕಳಿಸಿದ ಪರೀಕ್ಷಕರು. ಮೊದಲು ನೆಬ್ರಾಸ್ಕಾದಲ್ಲಿ ಶಾಲೆ ಮೇಷ್ಟ್ರಾಗಿದ್ದವರು, ಕೆಂಪು ಪೆನ್ಸಿಲ್ಲನ್ನು ಅಲ್ಲಿಂದಲೇ ತಂದಿರಬೇಕು. ಅವರ ಸಹಿ ಬೀಳದೆ ಸೊಳ್ಳೆ ರೆಕ್ಕೆ ಅಲ್ಲಾಡಿಸುವ ಹಾಗಿರಲಿಲ್ಲ.

ನಾನು ಇರ್ಮಾ. ಚಿತ್ರದ ಗೆರೆಗಳಿಗೆ ಶಾಯಿ ತುಂಬುವವಳು. ಕೈಬರಹ ಚೆನ್ನಾಗಿದೆ ಅನ್ನೋ ತಪ್ಪಿಗೆ ಇಂಥ ಮೀಟಿಂಗುಗಳ ಟಿಪ್ಪಣಿಯೂ ನನ್ನ ತಲೆಗೇ ಬಿದ್ದಿತ್ತು.

ಟ್ರಾಸ್ಕ್: ಆಯ್ತು, ಸೊಳ್ಳೆ ವಿಚಾರ ಆಮೇಲೆ. ಒಂಬತ್ತನೇ ಚಿತ್ರ. ಟಂಬಲ್ ಅಂಗಿ ಗುಂಡಿ ಯಾಕೆ ಬಿಚ್ಚಿದೆ?

ಝೆಲ್ನಿಕ್: ಸೊಳ್ಳೆ ಒಳಗೆ ಹೋಗೋದು ಬೇಡ್ವಾ?

ಟ್ರಾಸ್ಕ್: ಬೇಡ! ಅದು ಹೋಗಬಾರ್ದು ಅಂತಲೇ ಅಲ್ವಾ ಈ ಸಿನಿಮಾ ಮಾಡ್ತಿರೋದು?

ಝೆಲ್ನಿಕ್: ಒಳಗೆ ಹೋಗದಿದ್ರೆ ಕಚ್ಚಲ್ಲ. ಕಚ್ಚದಿದ್ರೆ ಜ್ವರ ಬರಲ್ಲ. ಜ್ವರ ಬರದಿದ್ರೆ ಟಂಬಲ್ ಆರಾಮಾಗಿ ಮನೆಗೆ ಹೋಗಿ ಕಾಫಿ ಕುಡೀತಾನೆ. ಗುಂಡಿ ಬಿಚ್ಚಿಟ್ರೆ ಏನಾಗುತ್ತೆ ಅಂತ ನೋಡೋರಿಗೆ ಗೊತ್ತಾಗೋದೇ ಇಲ್ಲ.

ಟ್ರಾಸ್ಕ್ ಪೆನ್ಸಿಲ್ಲಿನ ಹಿಂಭಾಗ ಕಚ್ಚಿಕೊಂಡರು.

ಟ್ರಾಸ್ಕ್: ಒಂದು ಗುಂಡಿ. ಒಂದೇ ಒಂದು.

ಝೆಲ್ನಿಕ್: ನಮ್ಮ ಸೊಳ್ಳೆ ಸಣ್ಣದು, ಸಾಕು. ಬರ್ಕೋ ಇರ್ಮಾ.

ಟ್ರಾಸ್ಕ್: ಈಗ ಹದಿನೇಳನೇ ಚಿತ್ರ. ಇದನ್ನ ಮಾತ್ರ ಬಿಡಲ್ಲ. ಇವನು ಸೊಳ್ಳೆಪರದೆ ಬಿಚ್ಕೊಂಡು ಹೋಗಿ ಮೀನು ಹಿಡೀತಿದಾನೆ! ಅಮೆರಿಕದ ಸೈನ್ಯದಲ್ಲಿ ಇಷ್ಟು ಪೆದ್ದ ಸಿಪಾಯಿ ಇಲ್ಲ.

ಝೆಲ್ನಿಕ್: ಇದಾನೆ, ಕ್ಯಾಪ್ಟನ್.

ಟ್ರಾಸ್ಕ್: ಇದಾನಾ? ಎಲ್ಲಿ? ಹೆಸರು ಹೇಳಿ, ಯಾವ ತುಕಡಿ ಹೇಳಿ. ಸೈನ್ಯದ ಆಸ್ತಿ ಹಾಳು ಮಾಡೋದು ಅಪರಾಧ ಅಂತ ಗೊತ್ತಲ್ಲ?

ನನ್ನ ಪೆನ್ನು ನಿಂತುಬಿಟ್ಟಿತು. ಆ ಮೀನಿನ ಕಥೆ ನನ್ನ ತಮ್ಮ ವಾಲಿಯ ಕಾಗದದಿಂದ ಬಂದದ್ದು. ಅವನು ನ್ಯೂ ಗಿನಿಯಲ್ಲಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಅದನ್ನು ಓದಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಆಮೇಲೆ ಐದು ವಾರವಾದರೂ ಅವನಿಂದ ಕಾಗದವೇ ಬಂದಿರಲಿಲ್ಲ. ಝೆಲ್ನಿಕ್ ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿಕೊಂಡರು.

ಝೆಲ್ನಿಕ್: ಎಲ್ಲಿ ಅಂದ್ರೆ... ನನ್ನ ತಲೇಲಿ. ಸ್ನಾನ ಮಾಡುವಾಗ ಹೊಳೀತು.

ಟ್ರಾಸ್ಕ್: ನೋಡಿದ್ರಾ! ಕಲ್ಪನೆ! ಹುಡುಗರು ಇದನ್ನ ನೋಡಿ, ನಮ್ಮನ್ನ ಹಂಗಿಸ್ತಿದಾರೆ ಅಂತ ಸಿಟ್ಟಾಗ್ತಾರೆ. ನನ್ನ ಮಾತು ನಂಬಬೇಡಿ, ಸಾಕ್ಷಿ ಕರ್ಕೊಂಡೇ ಬಂದಿದೀನಿ. ಸಾರ್ಜೆಂಟ್!

ಬಾಗಿಲು ತೆರೆದು ಸಾರ್ಜೆಂಟ್ ಕ್ಲೀಟಸ್ ವಾರ್ಡ್ಲಾ ಒಳಗೆ ಬಂದ. ಅರ್ಕನ್ಸಾದವನು, ಬೆದರುಬೊಂಬೆಗೆ ತೊಡಿಸಿದ ಹಾಗೆ ಸಮವಸ್ತ್ರ ಮೈಮೇಲೆ ತೂಗುತ್ತಿತ್ತು. ನ್ಯೂ ಗಿನಿಯಿಂದ ಬಂದು ಇಲ್ಲಿನ ಸೈನಿಕ ಆಸ್ಪತ್ರೆಯಲ್ಲಿದ್ದ. ಮುಖ, ಕೈ, ಕಣ್ಣಿನ ಬಿಳಿ ಎಲ್ಲ ಹಳದಿ.

ಝೆಲ್ನಿಕ್: ಇರ್ಮಾ, ಈ ಬಣ್ಣ ನಮ್ಮ ಡಬ್ಬಿಗಳಲ್ಲಿ ಇದೆಯಾ?

ವಾರ್ಡ್ಲಾ: ಮಲೇರಿಯಾ ಮಾತ್ರೆ ಸರ್. ನುಂಗಿದೋರೆಲ್ಲ ಹೀಗೇ. ಕತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕೋಕೆ ಸುಲಭ.

ಟ್ರಾಸ್ಕ್: ಸಾರ್ಜೆಂಟ್, ಈ ಹದಿನೇಳನೇ ಚಿತ್ರ ಸರಿಯಾಗಿ ನೋಡು. ಹೆದರದೆ ಹೇಳು. ಸೊಳ್ಳೆಪರದೇಲಿ ಹೀಗೆ ಮೀನು ಹಿಡಿಯೋದು ಉಂಟಾ?

ವಾರ್ಡ್ಲಾ ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದ. ಕತ್ತು ಆ ಕಡೆ ಈ ಕಡೆ ಅಲ್ಲಾಡಿಸಿದ.

ವಾರ್ಡ್ಲಾ: ಇಲ್ಲ ಸರ್. ಸಾಧ್ಯಾನೇ ಇಲ್ಲ.

ಟ್ರಾಸ್ಕ್: ಕೇಳಿಸ್ಕೊಂಡ್ರಾ, ಮಿಸ್ಟರ್ ಝೆಲ್ನಿಕ್?

ವಾರ್ಡ್ಲಾ: ಇವನು ಒಬ್ಬನೇ ಹಿಡ್ಕೊಂಡಿದಾನೆ ಸರ್. ಇಬ್ಬರು ಬೇಕು. ಕೆಳಗಡೆ ಅಂಚಿಗೆ ಕಲ್ಲು ಕಟ್ಟಬೇಕು. ಇಲ್ದಿದ್ರೆ ಮೀನೆಲ್ಲ ಅಡಿಯಿಂದ ನುಸುಳ್ಕೊಂಡು ಹೋಗ್ತವೆ.



ಟ್ರಾಸ್ಕ್: ನಿನಗೆ... ಹೇಗೆ ಗೊತ್ತು?

ವಾರ್ಡ್ಲಾ: ಒಂದೇ ದಿನ ಮೂವತ್ತು ಮೀನು ಸಿಕ್ಕಿತ್ತು ಸರ್. ಡಬ್ಬಿ ಮಾಂಸ ತಿಂದೂ ತಿಂದೂ ನಾಲಿಗೆ ಸತ್ತುಹೋಗಿತ್ತು. ಆ ಮೀನಿನ ರುಚಿ ಇದೆಯಲ್ಲ...

ಟ್ರಾಸ್ಕ್: ರುಚಿ ಕೇಳಲಿಲ್ಲ ನಾನು! ಸೊಳ್ಳೆಯಿಂದ ಕಾಪಾಡಿಕೊಳ್ಳೋದು ಹೇಗೆ ಅಂತ ನಿಮಗೆಲ್ಲ ಒಂದೊಂದು ಕೈಪಿಡಿ ಕೊಟ್ಟಿರಲಿಲ್ವಾ? ನೀಲಿ ರಟ್ಟಿನದು, ತೊಂಬತ್ತಾರು ಪುಟ?

ವಾರ್ಡ್ಲಾ: ಓ, ಅದಾ! ಬಹಳ ಉಪಯೋಗಕ್ಕೆ ಬಂತು ಸರ್.

ಟ್ರಾಸ್ಕ್‌ರ ಮುಖ ಮೊದಲ ಸಲ ಅರಳಿತು.

ಟ್ರಾಸ್ಕ್: ಹೌದಾ? ಯಾವ ಅಧ್ಯಾಯ?

ವಾರ್ಡ್ಲಾ: ಎಲ್ಲಾನೂ ಸರ್. ಸಂಜೆಗೊಂದು ಅಧ್ಯಾಯ ಸುಡ್ತಿದ್ವಿ. ಆ ಹೊಗೆಗೆ ಒಂದು ಸೊಳ್ಳೇನೂ ಹತ್ತಿರ ಸುಳೀತಿರಲಿಲ್ಲ.

ಝೆಲ್ನಿಕ್‌ಗೆ ಜೋರು ಕೆಮ್ಮು ಬಂತು. ಕಿಟಕಿ ಕಡೆ ತಿರುಗಿ ನಿಂತರು. ನಾನು ತಲೆ ಎತ್ತಲೇ ಇಲ್ಲ.

ಟ್ರಾಸ್ಕ್: ಸಾರ್ಜೆಂಟ್, ಅದನ್ನ ಬರೆದೋನು ನಾನು.

ವಾರ್ಡ್ಲಾ: ಕಾಗದ ಒಳ್ಳೇದಿತ್ತು ಸರ್.

ಟ್ರಾಸ್ಕ್ ಕುರ್ಚಿ ಎಳೆದುಕೊಂಡು ಕೂತರು. ಇನ್ನೊಂದು ಕುರ್ಚಿಯನ್ನು ಕಾಲಿನಿಂದಲೇ ಸಾರ್ಜೆಂಟ್ ಕಡೆಗೆ ತಳ್ಳಿದರು.

ಟ್ರಾಸ್ಕ್: ಕೂತ್ಕೋ. ನಿನ್ನ ಜೊತೆ ಎಷ್ಟು ಜನ ಇದ್ರು?

ವಾರ್ಡ್ಲಾ: ಹನ್ನೆರಡು ಸರ್.

ಟ್ರಾಸ್ಕ್: ಶತ್ರುವಿನ ಗುಂಡೇಟಿಗೆ ಬಿದ್ದೋರು?

ವಾರ್ಡ್ಲಾ: ಒಬ್ಬ. ಅವನೂ ಈಗ ಓಡಾಡ್ತಿದಾನೆ. ಜ್ವರಕ್ಕೆ ಬಿದ್ದೋರು ಒಂಬತ್ತು ಜನ. ಮೀನು ತಿಂದು ಎರಡು ವಾರಕ್ಕೆ ಶುರುವಾಯ್ತು. ಸುಡೋಕೆ ಕೈಪಿಡಿ ಉಳಿದಿರಲಿಲ್ಲ, ಮೀನು ಹಿಡಿದು ಪರದೆ ತುಂಬ ತೂತು, ರಾತ್ರಿ ಅದರಲ್ಲೇ ಸೊಳ್ಳೆ ನುಗ್ತಿದ್ವು. ನನ್ನ ಜೊತೆ ಪರದೆಯ ಇನ್ನೊಂದು ಅಂಚು ಹಿಡಿದಿದ್ದ ಹುಡುಗ ವಾಪಸ್ ಬರಲಿಲ್ಲ ಸರ್.

ಝೆಲ್ನಿಕ್ ಕಿಟಕಿಯಿಂದ ಈಚೆ ತಿರುಗಿದರು. ನನಗೆ ತಡೆಯಲಾಗಲಿಲ್ಲ.

ನಾನು: ಆ ಹುಡುಗನ ಹೆಸರು ವಾಲಿ ಅಲ್ಲ ತಾನೇ? ವಾಲಿ ಡೊಲೆಝಲ್?

ವಾರ್ಡ್ಲಾ: ಅಲ್ಲಮ್ಮ. ಅವನು ಪೀಟ್. ಯಾಕೆ?

ನಾನು: ಈ ಮೀನಿನ ಕಥೆ ನನ್ನ ತಮ್ಮ ಬರೆದದ್ದು, ಕ್ಯಾಪ್ಟನ್. ಮಿಸ್ಟರ್ ಝೆಲ್ನಿಕ್ ಸ್ನಾನ ಮಾಡುವಾಗ ಹೊಳೆದದ್ದಲ್ಲ. ಅವನೂ ಮೀನು ಹಿಡಿದಿದಾನೆ. ಐದು ವಾರದಿಂದ ಕಾಗದ ಇಲ್ಲ.

ಟ್ರಾಸ್ಕ್ ನನ್ನ ಮುಂದಿದ್ದ ಟಿಪ್ಪಣಿಯ ಹಾಳೆಯನ್ನೇ ನೋಡಿದರು.

ಟ್ರಾಸ್ಕ್: ಇದನ್ನ ಅದರಲ್ಲಿ ಬರೀಬೇಡಿ, ಮಿಸ್ ಇರ್ಮಾ. ಅವನು ಯಾವ ತುಕಡಿ ಅಂತ ನಂಗೆ ಬೇರೆ ಚೀಟೀಲಿ ಬರೆದುಕೊಡಿ. ಶಿಕ್ಷೆಗಲ್ಲ. ಆಸ್ಪತ್ರೆ ಪಟ್ಟಿಗಳಲ್ಲಿ ಹುಡುಕಿಸ್ತೀನಿ.

ಝೆಲ್ನಿಕ್: ಹದಿನೇಳನೇ ಚಿತ್ರ ತೆಗೆದುಬಿಡ್ಲಾ, ಕ್ಯಾಪ್ಟನ್?

ಟ್ರಾಸ್ಕ್: ಮುಟ್ಟಿದ್ರೆ ನೋಡಿ! ಇಬ್ಬರು ಹಿಡಿದಿರೋ ಹಾಗೆ ಬರೀರಿ. ಕಲ್ಲು ಕಟ್ಟಿಸಿ. ಸಾರ್ಜೆಂಟ್, ಇದನ್ನ ನೋಡಿದ್ರೆ ನಿಮ್ಮ ಹುಡುಗರು ಸಿಟ್ಟಾಗ್ತಿದ್ರಾ?

ವಾರ್ಡ್ಲಾ: ನಗ್ತಿದ್ರು ಸರ್. ಮೊದಲು ಪಕ್ಕದವನನ್ನ ನೋಡಿ. ಆಮೇಲೆ ಸುಮ್ಮನೆ ಹೋಗಿ ಪರದೆ ಹೊಲ್ಕೋತಿದ್ರು. ಆ ಸೊಳ್ಳೆ ಹುಡುಗಿ ತುಟಿ ಬಣ್ಣಾನೂ ಇರ್ಲಿ ಸರ್. ತೊಂಬತ್ತಾರು ಪುಟ ಮರೆತೋಗುತ್ತೆ, ಇವಳ ಮುಖ ಮರೆಯಲ್ಲ.

ಟ್ರಾಸ್ಕ್ ನಲವತ್ತು ಚಿತ್ರಗಳಿಗೂ ಸಹಿ ಹಾಕಿದರು. ಹಾಕಿ ಹೊರಡುತ್ತಾರೆ ಅಂದುಕೊಂಡರೆ ಹೊರಡಲಿಲ್ಲ. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅಂಗಿ ತೋಳು ಮಡಚಿ, ಖಾಲಿ ಕಾಗದವೊಂದನ್ನು ಝೆಲ್ನಿಕ್ ಮುಂದಿಟ್ಟರು.

ಟ್ರಾಸ್ಕ್: ಇನ್ನೊಂದು ಚಿತ್ರ ಸೇರಿಸೋಣ. ಟಂಬಲ್‌ಗೆ ದಿನಾ ಮಾತ್ರೆ ಕೊಡ್ತಾರೆ. ಕಹಿ ಅಂತ ಅವನು ನುಂಗಲ್ಲ. ಸಿಹಿ ಕಾಕಂಬಿಯಲ್ಲಿ ಅದ್ದಿ ಗುಟ್ಟಾಗಿ ಹೇಸರಗತ್ತೆಗೆ ತಿನ್ನಿಸ್ತಾನೆ.

ಝೆಲ್ನಿಕ್ ಬರೆಯಲು ಎತ್ತಿದ ಪೆನ್ಸಿಲ್ಲನ್ನು ಕೆಳಗಿಟ್ಟರು.

ಝೆಲ್ನಿಕ್: ಬೇಡ, ಕ್ಯಾಪ್ಟನ್. ಇದು ಅತಿಯಾಯ್ತು. ಟಂಬಲ್ ಪೆದ್ದ, ನಿಜ. ಅದಕ್ಕೂ ಒಂದು ಮಿತಿ ಇದೆ. ಅಂಥವನು ಸೈನ್ಯದಲ್ಲಿ ಇರೋಕೆ ಸಾಧ್ಯಾನೇ ಇಲ್ಲ. ಯಾರೂ ನಂಬಲ್ಲ.

ಟ್ರಾಸ್ಕ್: ಇದ್ದ. 1918, ಪನಾಮ. ಸಿಪಾಯಿ ಆರ್ವಿಲ್ ಟ್ರಾಸ್ಕ್.

ಝೆಲ್ನಿಕ್ ಪೆನ್ಸಿಲ್ಲನ್ನು ಮತ್ತೆ ಎತ್ತಿಕೊಂಡರು.

ಝೆಲ್ನಿಕ್: ಆಮೇಲೆ ಏನಾಯ್ತು?

ಟ್ರಾಸ್ಕ್: ಐವತ್ತು ದಿನ ಆಸ್ಪತ್ರೆ.

ವಾರ್ಡ್ಲಾ: ಹೇಸರಗತ್ತೆಗೆ ಏನಾಯ್ತು ಸರ್?

ಟ್ರಾಸ್ಕ್: ಅದಕ್ಕೇನು? ಒಂದು ದಿನಾನೂ ಜ್ವರ ಬರಲಿಲ್ಲ.